ನೂರು ಪತ್ರಾವಳಿಯ ಪರೀಕ್ಷೆ

ಈಗ ಹೇಳಹೊರಟಿರುವುದು ಹೀಗೆಯೇ ನಡೆಯಿತೆಂದು ನಾನು ಯಾರ ಮುಂದೆಯೂ ಪ್ರಮಾಣ ಮಾಡಲಾರೆ. ಅರ್ಧ ನಾನು ಕಣ್ಣಾರೆ ಕಂಡದ್ದು. ಕಾಲು ಭಾಗ ನಮ್ಮ ಬಾಳು ಕಾಕಾ ಹೇಳಿ ಹೇಳಿ ನಾನೇ ಕಂಡಂತಾದದ್ದು. ಉಳಿದ ಕಾಲು ಭಾಗ ಎಲ್ಲಿಂದ ಬಂದು ಸೇರಿತೋ ತಿಳಿಯದು. ಧಾರವಾಡದಲ್ಲಿ ತತ್ವಶಾಸ್ತ್ರದ ಎಮ್.ಎ. ಓದುವಾಗ ನಾನು ಕಲಿತದ್ದು ಒಂದೇ: ಯಾವುದನ್ನೂ ಸುಮ್ಮನೆ ನಂಬಬಾರದು. ನಂಬದೇ ಕೂತವನು ಹೊಟ್ಟೆಪಾಡಿಗೆ ಏನು ಮಾಡಬೇಕು ಎಂಬುದು ಮಾತ್ರ ಸಿಲೆಬಸ್ಸಿನಲ್ಲಿ ಇರಲಿಲ್ಲ.

ಆದರೂ ಒಂದು ಸಾಕ್ಷಿ ಉಳಿದಿದೆ. ಅದು ಸ್ಟೀಲಿನ ಡಬ್ಬಿ. ನಮ್ಮ ಮನೆಯಲ್ಲಿ ಅದರೊಳಗೆ ಶೇಂಗಾ ಚಟ್ನಿ ಇರುತ್ತದೆ. ಮದುವೆಯಾದ ಹೊಸತರಲ್ಲಿ ಅಟ್ಟದ ಮೇಲಿನ ಪಾತ್ರೆಗಳನ್ನು ತೊಳೆಯಲು ಇಳಿಸಿದಾಗ ನನ್ನ ಹೆಂಡತಿ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ಓದಿದಳು. ಅದರ ಹೊಟ್ಟೆಯ ಮೇಲೆ ಚುಕ್ಕೆ ಚುಕ್ಕೆ ಅಕ್ಷರಗಳಲ್ಲಿ "ಚಿ. ಸುರೇಶನ ಸಾಕರಪುಡಾ ನಿಮಿತ್ತ" ಎಂದು ಕೊರೆದಿತ್ತು. ಸಾಕರಪುಡಾ ಎಂದರೆ ಮದುವೆ ನಿಶ್ಚಯ. ಗಡಿಯ ನಾವು ಮರಾಠಿಯಲ್ಲೇ ನಿಶ್ಚಯವಾಗುತ್ತೇವೆ. ಸುರೇಶ ನಾನೇ. ಕೆಳಗಿನ ಇಸವಿಯ ಕೊನೆಯ ಅಂಕಿ ಬೂದಿಯಲ್ಲಿ ತಿಕ್ಕಿ ತಿಕ್ಕಿ ಎಂಟೋ ಒಂಬತ್ತೋ ತಿಳಿಯದಂತಾಗಿದೆ. ಎಂಬತ್ತರ ದಶಕದ್ದೆಂಬುದು ಮಾತ್ರ ಸ್ಪಷ್ಟ. ಅಥಣಿಯಲ್ಲಿ ನನಗೂ ಅವಳಿಗೂ ನಿಶ್ಚಯವಾದದ್ದು ತೊಂಬತ್ತು ದಾಟಿದ ಮೇಲೆ.

"ರೀ, ಇದು ಯಾರ ಜೋಡಿ ಆಗಿತ್ತು?" ಎಂದಳು.

"ಯಾರ ಜೋಡೀನೂ ಇಲ್ಲ. ಒಬ್ಬ ಆಚಾರಿನ್ನ ಕೆಲಸಕ್ಕ ಇಟಕೊಂಡಿದ್ವಿ, ಅದರದು," ಎಂದೆ.

ಅವಳು ಡಬ್ಬಿಯನ್ನೂ ನನ್ನನ್ನೂ ಒಂದೇ ರೀತಿ ನೋಡಿ ಒಳಗೆ ಹೋದಳು. ಅವಳಿಗೆ ಆಗ ಹೇಳಲಾಗದ್ದನ್ನು ನಿಮಗೆ ಹೇಳುತ್ತಿದ್ದೇನೆ.

ಆಚಾರಿ ಎಂದರೆ ನಮ್ಮ ಕಡೆ ದೊಡ್ಡ ಕಾರ್ಯಗಳಿಗೆ ಅಡುಗೆ ಮಾಡುವವನು. ಬಾಳು ಕಾಕಾ ನಮ್ಮ ಅಪ್ಪನ ತಮ್ಮ. ಚಿಕ್ಕೋಡಿ ಬಸ್‌ಸ್ಟ್ಯಾಂಡಿನ ಹಿಂದೆ ಅವನದೊಂದು ಖಾನಾವಳಿ ಇತ್ತು. ಅಪ್ಪ ರಾಯಬಾಗದ ಶಾಲೆಯಲ್ಲಿ ಮಾಸ್ತರ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ಅವ್ವ ಆ ಖಾನಾವಳಿಯ ರೊಟ್ಟಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು. ನಾನು ಬೆಳೆದದ್ದೇ ರೊಟ್ಟಿ ಬಡಿಯುವ ಸಪ್ಪಳದಲ್ಲಿ. ಪರೀಕ್ಷೆಗೆ ಓದುವಾಗ ಮನೆಯಲ್ಲಿ ಆ ಸಪ್ಪಳ ನಿಂತರೆ ನನಗೆ ಎಚ್ಚರವಾಗುತ್ತಿತ್ತು. ಕಂಡಕ್ಟರುಗಳು, ಕೋರ್ಟಿಗೆ ಬಂದ ಹಳ್ಳಿಯವರು, ಮೂವತ್ತು ನಲವತ್ತು ಜನ ಕಡಲೆಹಿಟ್ಟಿನ ಜುಣಕಾ, ರೊಟ್ಟಿ ಉಂಡು ಹೋಗುತ್ತಿದ್ದರು. ನಾನು ಎಮ್.ಎ. ಮುಗಿಸಿ, ಕಾನೂನು ಓದಲು ಹೋಗಿ ಬಿಟ್ಟು, ಬ್ಯಾಂಕಿನ ಪರೀಕ್ಷೆ ಬರೆದು ಬಿಟ್ಟು, ಮನೆಗೆ ಬಂದು ಎಲ್ಲರನ್ನೂ ಸಂಶಯಿಸುತ್ತಾ ಕೂತಿದ್ದ ಕಾಲ ಅದು.

ಒಂದು ದಿನ ಕಾಕಾ ಕಾಗವಾಡಕ್ಕೆ ಯಾರನ್ನೋ ಮಾತಾಡಿಸಲು ಹೋದವನು ಒಂದು ಲಗ್ನವನ್ನೇ ಒಪ್ಪಿಕೊಂಡು ಬಂದ. ದ್ರಾಕ್ಷಿ ತೋಟದ ದೊಡ್ಡ ಸಾವುಕಾರರ ಮಗಳ ಲಗ್ನ, ಬೀಗರು ಮಿರಜ ಕಡೆಯವರು, ಸಾವಿರದ ಮೇಲೆ ಜನ. "ಅಡಿಗಿ ಪೂರಾ ನನ್ನ ಕಡೆ ಬಿಡ್ರಿ" ಎಂದು ಎಲೆ ಅಡಿಕೆ ಹಿಡಿದುಬಿಟ್ಟಿದ್ದ. ಮರುದಿನವೇ ಪೇಂಟರನನ್ನು ಕರೆಸಿ ಖಾನಾವಳಿಯ ಮೇಲೆ "ಲಗ್ನ ಮುಂಜಿವಿಯ ಅಡಿಗೆ ಆರ್ಡರ ಸ್ವೀಕರಿಸಲಾಗುವುದು" ಎಂದು ಕನ್ನಡದಲ್ಲೂ ಮರಾಠಿಯಲ್ಲೂ ಬರೆಸಿದ. ಬಣ್ಣ ಒಣಗಿದ ಮೇಲೆ ಅವನಿಗೆ ನೆನಪಾದದ್ದು, ಆರ್ಡರು ಇದೆ, ಬೋರ್ಡು ಇದೆ, ಆಚಾರಿ ಇಲ್ಲ.

"ಕಾಗವಾಡದಾಗ ಹೆಸರ ಕೆಟ್ರ ಮುಗೀತಲೇ ಸುರ್ಯಾ," ಎಂದ. "ಮತ್ತ ಸಾಯೂತನಾ ಕಂಡಕ್ಟರಗೋಳಿಗೆ ಜುಣಕಾ ನೀಡಕೋತ ಕುಂಡ್ರಬೇಕ. ನೀ ಕಲಿತಾವ ಅದಿ. ಒಬ್ಬ ಛಲೋ ಮನಶ್ಯಾನ್ನ ಹುಡಕು."

ನನಗೆ ಹುಮ್ಮಸ್ಸು ಬಂತು. ಹುಡುಕುವುದೆಂದರೆ ಪರೀಕ್ಷಿಸುವುದು, ಪರೀಕ್ಷಿಸುವುದೆಂದರೆ ನನ್ನ ವಿಷಯ. ಒಂದು ನೋಟುಬುಕ್ಕಿನಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ಮೊದಲು ನಿಪ್ಪಾಣಿಗೆ ಹೋದೆವು. ನಿಪ್ಪಾಣಿ ನಮ್ಮ ಪಾಲಿಗೆ ಸೀನುವ ಊರು. ಚಿಕ್ಕವನಿದ್ದಾಗ ಅವ್ವನ ಜೊತೆ ಬಸ್ಸಿನಲ್ಲಿ ಹೋದರೆ ತಂಬಾಕಿನ ವಖಾರಿಗಳ, ಎಂದರೆ ಗೋದಾಮುಗಳ, ಓಣಿ ಬರುತ್ತಲೂ ಕಂಡಕ್ಟರನಿಂದ ಹಿಡಿದು ಮೊಲೆಕೂಸಿನವರೆಗೆ ಎಲ್ಲರೂ ಸೀನುತ್ತಿದ್ದರು. ಅವ್ವ ಸೆರಗಿನಿಂದ ನನ್ನ ಮೂಗು ಮುಚ್ಚುತ್ತಿದ್ದಳು. ಆ ಸೆರಗಿನ ಜೋಳದ ಹಿಟ್ಟಿನ ವಾಸನೆಗೆ ನಾನು ಇನ್ನೂ ನಾಲ್ಕು ಸಲ ಸೀನುತ್ತಿದ್ದೆ. ಈ ಸಲವೂ ಸೀನುತ್ತಲೇ ಸಂದರ್ಶನ ನಡೆಸಿದೆ. ಅಲ್ಲಿಯ ಆಚಾರಿಗೆ ಮಾಂಸದ ರಸ್ಸಾ ಬಿಟ್ಟರೆ ಬೇರೆ ಬರುತ್ತಿರಲಿಲ್ಲ. ಅಥಣಿಯವನಿಗೆ "ಸಾವಿರ ಮಂದಿಗೆ ಉಪ್ಪು ಎಷ್ಟು ಬೇಕಾಗುತ್ತದೆ?" ಎಂಬ ನನ್ನ ಒಂದನೇ ಪ್ರಶ್ನೆ ಕೇಳಿದೆ.

"ಸಾಕಾಗೂ ಅಷ್ಟ," ಎಂದ. ಆಮೇಲೆ ನನ್ನ ನೋಟುಬುಕ್ಕನ್ನು ನೋಡಿ, "ನಿಮಗ ಅಡಿಗಿ ಬರತೈತೇನ್ರಿ?" ಎಂದ.

"ಇಲ್ಲ."

"ಮತ್ತ ನಾ ಹೇಳಿದ್ದು ಖರೇ ಐತೋ ಸುಳ್ಳ ಐತೋ ನಿಮಗ ಹ್ಯಾಂಗ ತಿಳೀತೈತಿ?"

ಎರಡು ವರ್ಷ ಧಾರವಾಡದಲ್ಲಿ ಯಾರೂ ನನಗೆ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿರಲಿಲ್ಲ. ಅವನು ಬರಲೂ ಇಲ್ಲ.

ಮೂರನೆಯವನು ತಾನಾಗಿಯೇ ಬಂದ. ಅಂಕಲಿಯ ಲಗಮಣ್ಣ. ನಲವತ್ತೈದರ ಆಸುಪಾಸು, ಬಿಳಿ ಟೋಪಿ, ಹಳೆಯ ಧೋತ್ರದಲ್ಲಿ ಸುತ್ತಿದ, ಕೊಪ್ಪರಿಗೆ ತಿರುವುವ ಮೂರು ಮೊಳದ ಕಟ್ಟಿಗೆಯ ಹುಟ್ಟು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಬಂದೂಕಿನಂತೆ ಅಡ್ಡ ಇಟ್ಟುಕೊಂಡು ಬಂದಿದ್ದನಂತೆ. ಅವ್ವ ಅವನನ್ನು ಅಡುಗೆಮನೆಯಲ್ಲಿ ಮಣೆ ಹಾಕಿ ಕೂಡಿಸಿ, ಚಹಾಕ್ಕೆ ಹಾಲಿಟ್ಟು, ಹಿತ್ತಲಿಗೆ ಕಟ್ಟಿಗೆ ತರಲು ಹೋದಳು. ನಾನೂ ಕಾಕಾನೂ ಹೊರಗಿನ ಪಡಸಾಲೆಯಲ್ಲಿದ್ದೆವು. ಹಾಲು ಉಕ್ಕಿತು, ಸುರಿಯಿತು, ಸೀದು ಕರಕಲಾಯಿತು. ಪಡಸಾಲೆಯಲ್ಲಿದ್ದ ನಾವು ಕಮಟು ಬಡಿದು ಒಳಗೆ ಬಂದೆವು, ಹಿತ್ತಲಿನಿಂದ ಅವ್ವ ಓಡಿ ಬಂದಳು. ಒಲೆಗೆ ಬೆನ್ನು ಮಾಡಿ ಮಾರು ದೂರದಲ್ಲಿ ಕೂತಿದ್ದ ಲಗಮಣ್ಣ ಗೋಡೆಯ ಮೇಲಿನ ಕ್ಯಾಲೆಂಡರ ನೋಡುತ್ತಾ ಶಾಂತವಾಗಿದ್ದ.

"ನೋಡಲೇ," ಎಂದು ಕಾಕಾ ನನ್ನ ಕಿವಿಯಲ್ಲಿ ಹೇಳಿದ. "ದೊಡ್ಡ ಆಚಾರಿ ಅಂದ್ರ ಹಿಂಗ ಇರಬೇಕ. ಸಾವಿರ ಮಂದಿ ಅಡಿಗಿ ಮಾಡಾಂವ ಒಂದ ಲೀಟರ ಹಾಲಿಗೆ ಏಳತಾನೇನು?"

ಅವನನ್ನು ಪಡಸಾಲೆಗೆ ಕರೆದು ಕೂಡಿಸಿ ನಾನು ನೋಟುಬುಕ್ಕು ತೆಗೆದೆ. ಉಪ್ಪಿನ ಪ್ರಶ್ನೆ ಕೇಳಿದೆ.

"ಅಳತಿ ಇಲ್ಲರಿ," ಎಂದ ಲಗಮಣ್ಣ. "ರುಚೀನೂ ನೋಡೂದಿಲ್ಲ. ದೇವರಿಗೆ ಎಡಿ ಹಿಡಿಯೂತನಾ ನಾಲಿಗಿಗೆ ಹಚ್ಚೂದಿಲ್ಲ, ಹಚ್ಚಿದ್ರ ಎಂಜಲ ಆತು."

"ಮತ್ತೆ ಉಪ್ಪು ಸರಿಯಾದದ್ದು ಹೇಗೆ ತಿಳಿಯುತ್ತದೆ?"

"ಉಗಿ ಹೇಳತೈತ್ರಿ."

ದೇವರಿಗೆ ನೈವೇದ್ಯವಾಗುವ ಮೊದಲು ಅಡುಗೆಯವರು ರುಚಿ ನೋಡಬಾರದು ಎಂಬ ಕಟ್ಟಳೆ ನಮ್ಮ ಮನೆಗಳಲ್ಲೂ ಇದೆ, ಅದಕ್ಕೆ ತಕರಾರಿಲ್ಲ. ಉಗಿ ಹೇಳುತ್ತದೆ ಎಂಬುದಕ್ಕೆ ನನ್ನ ತಕರಾರು. ತಕ್ಷಣ ಒಳಗೆ ಹೋಗಿ ಎರಡು ಬಟ್ಟಲಲ್ಲಿ ಬಿಸಿ ಸಾರು ತಂದೆ. ಒಂದಕ್ಕೆ ಉಪ್ಪು ಹಾಕಿದ್ದೆ, ಒಂದಕ್ಕೆ ಹಾಕಿರಲಿಲ್ಲ. "ಯಾವುದರಲ್ಲಿ ಉಪ್ಪಿದೆ, ಮೂಸಿ ಹೇಳಿ" ಎಂದೆ.

ಲಗಮಣ್ಣ ಬಟ್ಟಲುಗಳನ್ನು ನೋಡಿ ನಕ್ಕ. "ಸಣ್ಣ ಪಾತ್ರಿ ಮಾತಾಡೂದಿಲ್ರಿ ಸಾಹೇಬ್ರ. ಹತ್ತ ಮಂದೀದ ಅಡಿಗಿ ನನ್ನ ಕೈಲಿ ಆಗೂದಿಲ್ಲ. ನೂರ ಪತ್ರಾವಳಿ ಬೀಳಬೇಕ. ನೂರ ಮಂದಿ ಉಂಡ ಮ್ಯಾಲ ಹೇಳ್ರಿ, ಛಲೋ ಐತೋ ಕೆಟ್ಟೈತೋ."

ಒಬ್ಬ ಅಡುಗೆಯವನ ಸಂದರ್ಶನಕ್ಕೆ ನೂರು ಜನ ಉಣ್ಣಬೇಕು! ನನಗೆ ಇದು ಮೋಸವೆನಿಸಿತು. ಕಾಕಾನಿಗೆ ಘನತೆಯೆನಿಸಿತು. ಬರುವ ರವಿವಾರ ಮಧ್ಯಾಹ್ನಕ್ಕೆ ಗೊತ್ತಾಯಿತು. ಗೋಧಿ ಹುಗ್ಗಿ, ಬದನೆಕಾಯಿ ಪಲ್ಯ, ಅನ್ನ, ಸಾರು.

ಇಲ್ಲಿ ನನ್ನ ತಪ್ಪು ಬರುತ್ತದೆ. ಇದೊಂದು ನನ್ನದೇ, ನೆನಪಿನ ಮೇಲೆ ಹಾಕಲಾರೆ. "ಕರಿಯೂದ ಏನಂತ ಕರಿಯೂಣು?" ಎಂದು ಅವ್ವ ಕೇಳಿದಳು. ನಾನು ಎಂದೆ: ಏನೂ ಹೇಳಬಾರದು. ಆಚಾರಿಯ ಪರೀಕ್ಷೆ ಎಂದು ಹೇಳಿದರೆ ಜನ ಮನಸ್ಸಿನಲ್ಲಿ ಮೊದಲೇ ಒಂದು ಅಭಿಪ್ರಾಯ ಇಟ್ಟುಕೊಂಡು ಬರುತ್ತಾರೆ. ಕಾರಣ ಗೊತ್ತಿಲ್ಲದ ನಾಲಿಗೆಯೇ ನಿಜ ನುಡಿಯುತ್ತದೆ. ಅವ್ವ "ಹಂಗಾರ ಹಂಗ ಆಗವಲ್ದ್ಯಾಕ" ಎಂದಳು. ಕಾಕಾ ಓಣಿ ಓಣಿ ತಿರುಗಿ "ಸುಮ್ನ ಊಟಕ್ಕ ಬರ್ರಿ, ಏನೂ ಇಲ್ಲ" ಎಂದು ಹೇಳಿ ಬಂದ.

ಚಿಕ್ಕೋಡಿಯಲ್ಲಿ ಏನೂ ಇಲ್ಲದೆ ಯಾರೂ ನೂರು ಜನರನ್ನು ಊಟಕ್ಕೆ ಕರೆಯುವುದಿಲ್ಲ. ಮನೆಯಲ್ಲಿ ಇಪ್ಪತ್ತಾರು ವರ್ಷದ, ಲಗ್ನವಾಗದ, ಎಮ್.ಎ. ಓದಿದ ಮಗ. ಬಾಗಿಲ ಮೇಲೆ ಲಗ್ನದ ಹೊಸ ಬೋರ್ಡು. ಕರೆಯುವವನು ಬಾಯಿ ಬಿಡುತ್ತಿಲ್ಲ. ಕಾರಣ ಹೇಳದೆ ಕರೆದರೆ, ದೃಷ್ಟಿಯಾದೀತೆಂದು ಮುಚ್ಚಿಟ್ಟು ಸಾಕರಪುಡಾ ಮಾಡುತ್ತಿದ್ದಾರೆ ಎಂದೇ ಅರ್ಥ. ನೂರು ಜನರೂ, ಒಬ್ಬರನ್ನೊಬ್ಬರು ಕೇಳದೆ, ಒಂದೇ ತೀರ್ಮಾನಕ್ಕೆ ಬಂದರು.

ರವಿವಾರ ಹನ್ನೊಂದರಿಂದಲೇ ಆಯೇರು, ಎಂದರೆ ಶುಭಕಾರ್ಯದ ಉಡುಗೊರೆ, ಬರತೊಡಗಿತು. ಜಂಪರ ಕಣ, ಟಾವೆಲು ಟೋಪಿ, ತೆಂಗಿನಕಾಯಿ. ಮುಂದಿನ ಓಣಿಯ ಪಾತ್ರೆ ಅಂಗಡಿಯವರು ಆ ಡಬ್ಬಿ ತಂದರು. ಅವರಲ್ಲಿ ಹೆಸರು ಕೊರೆಯುವ ಮಷೀನು ಹೊಸತಾಗಿ ಬಂದಿತ್ತು, ಅವರ ಕೈ ಸುಮ್ಮನಿರುತ್ತಿರಲಿಲ್ಲ. ಹುಡುಗಿಯ ಹೆಸರಿಗೆಂದು ಜಾಗ ಬಿಟ್ಟಿದ್ದೇವೆ, ಆಮೇಲೆ ತಂದರೆ ಕೊರೆದುಕೊಡುತ್ತೇವೆ ಎಂದರು. ಆ ಜಾಗ ಈಗಲೂ ಖಾಲಿ ಇದೆ. ಹೆಂಡತಿಗೆ ಹೆಚ್ಚು ಸಿಟ್ಟು ಬಂದದ್ದು ಆ ಖಾಲಿ ಜಾಗಕ್ಕೇ.

ಪಕ್ಕದ ಮನೆಯ ತಾರಾ ಮಾವಶಿ ಮರಾಠಿಯಲ್ಲಿ "ಮುಲಗಿ ಕುಠಲೀ ಗ?" ಎಂದು ಅವ್ವನ ಗದ್ದ ಹಿಡಿದಳು. ಹುಡುಗಿ ಯಾವ ಊರಿನವಳು! ತಂದ ಆಯೇರು ಹಿಂದೆ ಕೊಟ್ಟರೆ ಅಪಶಕುನ, ತೆಗೆದುಕೊಂಡರೆ ಸುಳ್ಳು. ಅವ್ವ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಎರಡೂ ಕೈ ಮುಂದೆ ಚಾಚಿ ಆಯೇರು ತೆಗೆದುಕೊಂಡು, "ಎಲ್ಲೆ ಅದಾಳೋ ಏನೋ ಮಾವಶಿ, ಬರತಾಳ" ಎಂದಳು. ಇದು ಸುಳ್ಳಲ್ಲ ಎಂಬುದು ನನಗೆ ಬಹಳ ತಡವಾಗಿ ಹೊಳೆಯಿತು. ಯಾರೋ ನನ್ನನ್ನು ಮಣೆಯ ಮೇಲೆ ಕೂಡಿಸಿ ಕುಂಕುಮ ಹಚ್ಚಿ ಟೋಪಿ ಇಟ್ಟರು.

ಮೊದಲ ಪಂಕ್ತಿ ಕೂತಿತು. ನಾನು ಹಣೆಯ ಕುಂಕುಮ ಸಹಿತ ನೋಟುಬುಕ್ಕು ಹಿಡಿದು ಸಾಲು ಸಾಲಾಗಿ ಹೋದೆ.

"ಸಾರಿಗೆ ಉಪ್ಪು ಹೇಗಿದೆ?"

"ಅಮೃತ ಆಗೇತಿ ಬಿಡು!"

"ನಿಜ ಹೇಳಿ."

"ಖರೇನ ಅಮೃತ. ಏ, ನೋಡ್ರಿ ಇಲ್ಲೆ, ಮದಿಮಗಾನ ಬಂದ ಉಪ್ಪ ಕೇಳಾಕತ್ತಾನ. ಏನ ಸಂಸ್ಕಾರ!"

ನೂರು ಸಾಕ್ಷಿಗಳೂ ಕೆಟ್ಟುಹೋಗಿದ್ದರು. ಸಾಕರಪುಡಾದ ಊಟದಲ್ಲಿ ಕೂತು ಅಡುಗೆ ಸಪ್ಪೆ ಎನ್ನುವ ಮನುಷ್ಯ ನಮ್ಮ ತಾಲೂಕಿನಲ್ಲಿ ಹುಟ್ಟಿಲ್ಲ. ಪುಟದ ತುಂಬ "ಅಮೃತ, ಅಮೃತ" ಎಂದು ಬರೆದುಕೊಳ್ಳುತ್ತಿದ್ದಾಗ ಕಂಬಕ್ಕೆ ಒರಗಿ ಹುಟ್ಟು ಹಿಡಿದು ನಿಂತಿದ್ದ ಲಗಮಣ್ಣ ಕಾಕಾನನ್ನು ಕರೆದ. "ಸಾರಿಗೆ ಉಪ್ಪ ಕಡಿಮಿ ಆಗೈತ್ರಿ" ಎಂದು ಹೇಳಿ ಒಳಗೆ ಹೋಗಿ ಉಪ್ಪಿನ ನೀರು ಸುರಿದು ತಿರುವಿದ. ನಾನು ಓಡಿ ಹೋಗಿ ಮೊದಲು ಬಡಿಸಿದ ಬಕೆಟ್ಟಿನ ತಳದ ಸಾರನ್ನೂ ಹೊಸದನ್ನೂ ನೆಕ್ಕಿ ನೋಡಿದೆ. ಮೊದಲಿನದು ಸಪ್ಪೆಯಾಗಿತ್ತು. ಆಗಿತ್ತೆಂದೇ ನನ್ನ ನೆನಪು. ಎರಡನೆಯ ಪಂಕ್ತಿಯ ನಡುವೆ "ಹುಗ್ಗಿಗೆ ಬೆಲ್ಲ ಮುಂದಾತು, ಹಾಲ ಬಡಸ್ರಿ" ಎಂದ. ಅದೂ ಸರಿಯಿತ್ತು.

"ಹೇಗೆ ತಿಳಿಯಿತು?" ಎಂದೆ.

"ಹೇಳೇನಲ್ರಿ. ಉಗಿ."

ನೋಟುಬುಕ್ಕಿನಲ್ಲಿ "ಆಕಸ್ಮಿಕ" ಎಂದು ಬರೆದುಕೊಂಡೆ. ಕಾಕಾ ಅಷ್ಟರೊಳಗೆ ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟು ಲಗಮಣ್ಣನನ್ನು ಗೊತ್ತು ಮಾಡಿಯೂ ಆಗಿತ್ತು.

ಕಾಗವಾಡದ ಲಗ್ನದ ದಿನ ಬೆಳಿಗ್ಗೆ ಎಲ್ಲ ಸರಿಯಿತ್ತು. ಹತ್ತು ಗಂಟೆಗೆ ಸಾವುಕಾರರು ಬಂದು, ಬೀಗರು ಮಿರಜದ ನಾಜೂಕಿನ ಜನ, ಒಲೆ ಹೊಗೆ ಕಾಣಬಾರದು ಎಂದು ಒಲೆಗಳಿಗೂ ಊಟದ ಚಪ್ಪರಕ್ಕೂ ನಡುವೆ ದಪ್ಪನೆಯ ಪರದೆ ಕಟ್ಟಿಸಿದರು. ಅಡುಗೆಯವರು ಈಚೆ ಬರಬಾರದೆಂದೂ ಹೇಳಿದರು. ಲಗಮಣ್ಣ ಪರದೆಯನ್ನು ಮೇಲಿನಿಂದ ಕೆಳಗೆ ನೋಡಿದ. ಹುಟ್ಟನ್ನು ಧೋತ್ರದಲ್ಲಿ ಸುತ್ತತೊಡಗಿದ.

"ಪಡದೆ ತಗಸ್ರಿ. ಇಲ್ಲಾಂದ್ರ ನಾ ಅಂಕಲಿಗೆ ನಡದ್ನಿ."

"ಲಗಮಣ್ಣಾ, ಕೈ ಮುಗೀತೀನಿ," ಎಂದ ಕಾಕಾ. ಖರೇನೇ ಕೈ ಮುಗಿದಿದ್ದ. ಒಲೆಯ ಮೇಲೆ ನಾಲ್ಕು ಕೊಪ್ಪರಿಗೆ ಕುದಿಯುತ್ತಿದ್ದವು. ಹೊರಗೆ ಬ್ಯಾಂಡಿನವರು ಶುರು ಮಾಡಿದ್ದರು. ಕಾಕಾನ ಮುಖದಲ್ಲಿ ಮುಂದಿನ ಮೂವತ್ತು ವರ್ಷದ ಜುಣಕಾ ಕಾಣುತ್ತಿತ್ತು. "ಸಾವುಕಾರರಿಗೆ ನಾ ಹ್ಯಾಂಗ ಹೇಳ್ಲಿ ಪಡದೆ ತಗೀರಿ ಅಂತ? ಏನಂತ ಹೇಳ್ಲಿ?"

"ಉಗಿಗೆ ಹಾದಿ ಬೇಕಂತ ಹೇಳ್ರಿ."

ಹೇಳಲು ಹೋದವನು ನಾನು. ಉಗಿಯ ವಿಷಯವನ್ನು ಎಳ್ಳಷ್ಟೂ ನಂಬದವನು. ಸಾವುಕಾರರ ಮುಂದೆ ನಿಂತು, ಬಾಯಿಗೆ ಬಂದದ್ದನ್ನು ಹೇಳಿದೆ: ಪರದೆಯಿದ್ದರೆ ಉಗಿ ಹೊರಹೋಗದೆ ಅಲ್ಲೇ ಸುತ್ತುತ್ತದೆ, ಸುತ್ತಿದ ಉಗಿ ಹುಗ್ಗಿಯ ಮೇಲೆ ಇಳಿಯುತ್ತದೆ, ಇಳಿದರೆ ಮಧ್ಯಾಹ್ನದೊಳಗೆ ಹುಗ್ಗಿ ಹಳಸುತ್ತದೆ, ಇದನ್ನು ಧಾರವಾಡದಲ್ಲಿ ಸಾಬೀತು ಮಾಡಿ ತೋರಿಸಿದ್ದಾರೆ.

"ನೀವು ಏನ ಕಲತೀರಿ?" ಎಂದರು ಸಾವುಕಾರರು.

"ಎಮ್.ಎ. ರಿ."

"ತಗೀರಲೇ ಪಡದೆ!" ಎಂದು ಕೂಗಿದರು.

ನನ್ನ ಪದವಿ ಯಾವುದಕ್ಕಾದರೂ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಲಗಮಣ್ಣ ಒಲೆಗೆ ಬೆನ್ನು ಮಾಡಿ, ಪಂಕ್ತಿಗೆ ಮುಖ ಮಾಡಿ ನಿಂತ. ಎರಡು ಸಲ ಉಪ್ಪಿನ ನೀರು ಹಾಕಿಸಿದ, ಒಂದು ಸಲ ಪಲ್ಯಕ್ಕೆ ಶೇಂಗಾ ಪುಡಿ ಕೂಡಿಸಿದ. ಮಿರಜದ ಬೀಗರು ಹುಗ್ಗಿಯನ್ನು ಮೂರು ಮೂರು ಸಲ ಬಡಿಸಿಕೊಂಡರು. ಹೋಗುವಾಗ ಅವರಲ್ಲೇ ಒಬ್ಬರು ಮುಂದಿನ ತಿಂಗಳ ತಮ್ಮ ಮನೆಯ ಮುಂಜಿಗೆ ಕಾಕಾನ ಕೈಯಲ್ಲಿ ಎಲೆ ಅಡಿಕೆ ಇಟ್ಟರು. ಕಾಕಾ ಅದನ್ನು ಹಿಡಿದುಕೊಂಡು ಪರದೆಯ ಮರೆಗೆ ಹೋಗಿ ಕಣ್ಣು ಒರೆಸಿಕೊಂಡ. ಪರದೆ ತೆಗೆದಾಗಿತ್ತಲ್ಲ, ಯಾವ ಪರದೆಯ ಮರೆ? ನನ್ನ ನೆನಪಿನ ಹಣೆಬರಹವೇ ಇಷ್ಟು.

ಏಳೆಂಟು ವರ್ಷಗಳ ಮೇಲೆ ಒಮ್ಮೆ ಯಡೂರಿನ ಗುಡಿಗೆ ಹೋದವನು ಬರುವಾಗ ಅಂಕಲಿಯಲ್ಲಿ ಇಳಿದೆ. ಲಗಮಣ್ಣನಿಗೆ ಮೊಣಕಾಲು ನೋವು. ಕಾಕಾನ ಕೆಲಸ ಬಿಟ್ಟು ಊರಲ್ಲೇ ಇದ್ದ. ಹಿತ್ತಲಲ್ಲಿ ಎಮ್ಮೆಗೆ ನೀರು ಕುಡಿಸುತ್ತಿದ್ದಾನೆ ಎಂದು ಅವನ ಹೆಂಡತಿ ಪಾರವ್ವ ಹೇಳಿ, ಒಲೆಯ ಮೇಲೆ ಚಹಾಕ್ಕಿಟ್ಟಳು. ಮಾತಿಗೆ ಮಾತು ಬಂದು ನಾನು ಎಂದೆ, "ಏನೇ ಇರಲಿ, ಲಗಮಣ್ಣನ ಮೂಗಿನಂಥ ಮೂಗು ನಾನು ನೋಡಿಲ್ಲ."

ಪಾರವ್ವ ಹೊತ್ತಿಕೊಂಡ ಚಿಮಣಿ ದೀಪದಂತೆ ಭಗ್ಗನೆ ನಕ್ಕಳು.

"ಮೂಗ ಎಲ್ಲೈತ್ರಿ ಅಣ್ಣಾರ ಅವರಿಗೆ? ಮದಿವ್ಯಾದ ಹೊಸದಾಗಿ ನಿಪ್ಪಾಣ್ಯಾಗ ತಂಬಾಕದ ವಖಾರ್ಯಾಗ ಇದ್ರು. ಹತ್ತ ವರ್ಷ ಪುಡಿ ಜರಡಿ ಹಿಡದ್ರು. ಮೂಗ ಅಲ್ಲೇ ಬಿಟ್ಟ ಬಂದಾರ. ವಾಸನಿ ಇಲ್ಲ, ಅದರ ಹಿಂದ ರುಚೀನೂ ಹೋತು. ನಾ ಉಪ್ಪ ಹಾಕೂದ ಮರತ್ರ ಪೂರಾ ಗಂಗಾಳ ಉಂಡ ಏಳತಾರ, ಒಂದ ಮಾತಿಲ್ಲ. ಎಂಥಾ ಛಲೋ ಗಂಡ ಸಿಕ್ಕಾನ ಅಂತ ಐದ ವರ್ಷ ತಿಳಕೊಂಡಿದ್ನಿ!"

ಸೀದ ಹಾಲು, ಕ್ಯಾಲೆಂಡರು, ಎರಡು ಬಟ್ಟಲು ಸಾರು ಎಲ್ಲ ಒಮ್ಮೆಲೇ ನೆನಪಾದವು. "ಹಾಗಾದರೆ ಉಪ್ಪು ಹೇಗೆ ತಿಳಿಯುತ್ತಿತ್ತು?"

"ಉಣ್ಣಾವ್ರ ಕೈ ನೋಡಿ. ಉಪ್ಪ ಕಡಿಮಿ ಆದ್ರ ಪತ್ರಾವಳಿ ಮೂಲ್ಯಾಗಿನ ಉಪ್ಪಿಗೆ ಬೊಟ್ಟ ಹೋಗತಾವ, ಹೆಚ್ಚಾದ್ರ ನೀರಿನ ತಂಬಗಿಗೆ. ಹತ್ತ ಮಂದಿ ಕುಂತ್ರ ತಿಳಿಯೂದಿಲ್ಲಂತ, ಒಬ್ಬೊಬ್ಬರದ ಒಂದೊಂದ ಚಟಾ ಇರತೈತಿ. ನೂರ ಮಂದಿ ಬೇಕಂತ. ಬಾಯಿ ಏನರ ಹೇಳವಲ್ದು, ಕೈ ಸುಳ್ಳ ಹೇಳೂದಿಲ್ಲ ಅಂತಾರ."

ನಾನು ಕುಂಕುಮ ಹಚ್ಚಿಕೊಂಡು ನೂರು ಬಾಯಿಗಳನ್ನು ಕೇಳುತ್ತಾ ತಿರುಗುತ್ತಿದ್ದಾಗ, ಅವನು ಕಂಬಕ್ಕೊರಗಿ ನೂರು ಕೈಗಳನ್ನು ಓದುತ್ತಿದ್ದ. ಕಾಗವಾಡದಲ್ಲಿ ಪರದೆ ಬೇಡವೆಂದದ್ದು ಉಗಿಗಲ್ಲ, ಕಣ್ಣಿಗೆ.

ಇದೂ ಪಾರವ್ವ ಹೇಳಿದ ಮಾತು ಅಷ್ಟೇ. ಹೆಂಡತಿ ಗಂಡನ ಬಗ್ಗೆ ಹೇಳಿದ್ದನ್ನೆಲ್ಲ ಸಾಕ್ಷಿಯೆಂದು ಒಪ್ಪುವಂತಿಲ್ಲ, ಡಬ್ಬಿಯ ಪ್ರಕರಣದಿಂದ ನಾನು ಅದನ್ನು ಬಲ್ಲೆ. ಹೀಗೆ ಯೋಚಿಸುತ್ತಾ ಪಾರವ್ವ ಮುಂದಿಟ್ಟ ಚಹಾದ ಕಪ್ಪು ಎತ್ತಿ ಒಂದು ಗುಟುಕು ಕುಡಿದು ಕೆಳಗಿಟ್ಟೆ. ಅಷ್ಟರಲ್ಲಿ ಲಗಮಣ್ಣ ಹಿತ್ತಲಿನ ಬಾಗಿಲಲ್ಲಿ ಬಂದು ನಿಂತಿದ್ದ. ನಮಸ್ಕಾರವನ್ನೂ ಹೇಳಲಿಲ್ಲ. ಕಪ್ಪು ಬಿಟ್ಟ ನನ್ನ ಕೈಯನ್ನು ನೋಡಿದ.

"ಪಾರವ್ವಾ," ಎಂದ, "ಸಾಹೇಬ್ರ ಚಾಕ್ಕ ಸಕ್ರಿ ಕಡಿಮಿ ಆಗೈತಿ ನೋಡು."

ನಾನು ಸಂಶಯದ ಮನುಷ್ಯ. ಕಪ್ಪು ಎತ್ತಿ ಇನ್ನೊಂದು ಗುಟುಕು ಕುಡಿದು, ಬಾಯಲ್ಲಿ ಹಿಡಿದು, ಸಾವಕಾಶ ನುಂಗಿ ಪರೀಕ್ಷಿಸಿದೆ.

ಸಕ್ಕರೆ ಕಡಿಮೆಯಾಗಿತ್ತು.